ಮೊಲದ ಗೂಡಿಗೆ ವೈರ್ ಗ್ರಿಡ್ ಪ್ಯಾನೆಲ್ ತಗೋಬಹುದಾ?
ಬಟ್ಟೆ, ಶೂ ಇಡೋಕೆ ಅಂತ ಮಾರ್ತಾರಲ್ಲ ಆ ಕಬ್ಬಿಣದ ಜಾಲರಿ ಚೌಕಗಳು, ಒಂದೊಂದು ಸುಮಾರು 35 ಸೆಂ.ಮೀ., ಅದನ್ನೇ ತರಿಸಿ ಹಾಲ್ ಮೂಲೆಲಿ ನಮ್ಮ ಮೊಲಕ್ಕೆ ಮನೆ ಕಟ್ಟಿದೀವಿ, ತುಂಬಾನೇ ಖುಷಿಯಾಗಿದೆ. ಅಂಗಡಿಲಿ ಸಿಗೋ ಚಿಕ್ಕ ಪಂಜರದಲ್ಲಿ ಮೊಲ ಹಿಂಗಾಲ ಮೇಲೆ ಎದ್ದು ನಿಲ್ಲೋಕೂ ಆಗಲ್ಲ, ಇದ್ರಲ್ಲಿ ಎರಡು ಸಾಲು ಎತ್ತರ ಕಟ್ಟಿದ್ರೆ ಆರಾಮಾಗಿ ನಿಲ್ಲತ್ತೆ, ಕುಪ್ಪಳಿಸೋಕೂ ಜಾಗ, ಬೇಕಂದಾಗ ಇನ್ನೆರಡು ಪ್ಯಾನೆಲ್ ಸೇರಿಸಿ ದೊಡ್ಡದು ಮಾಡ್ಬೋದು.

ಜೊತೆಗೆ ಬರೋ ಪ್ಲಾಸ್ಟಿಕ್ ಕನೆಕ್ಟರ್ ಮಾತ್ರ ನಂಬ್ಬೇಡಿ, ಸ್ವಲ್ಪ ತಳ್ಳಿದ್ರೆ ಬಿಚ್ಕೊಳತ್ತೆ. ಪ್ರತಿ ಜಾಯಿಂಟ್‌ಗೂ ಕೇಬಲ್ ಟೈ ಹಾಕಿ, ಉಳಿದ ಬಾಲನ ಬುಡಕ್ಕೇ ಕಟ್ ಮಾಡಿ ಗಂಟು ಹೊರಗಡೆ ಬರೋ ಥರ ಇಡಿ, ಮೊಲದ ಹಲ್ಲು ಜೀವನಪೂರ್ತಿ ಬೆಳೀತಾನೇ ಇರತ್ತೆ, ಅದಕ್ಕೆ ಏನ್ ಸಿಕ್ರೂ ಕಡಿಯತ್ತೆ. ಕಿಂಡಿ ಅಗಲಾನೂ ನೋಡ್ಕೊಳಿ, ದೊಡ್ಡದಾದ್ರೆ ಮರಿ ತಲೆ ಸಿಕ್ಕಾಕೊಳತ್ತೆ.

ಇದನ್ನ ನೆಲಕ್ಕೆ ಮಾತ್ರ ಹಾಕ್ಲೇಬೇಡಿ ದಯವಿಟ್ಟು! ಮೊಲದ ಪಾದದಡಿ ನಾಯಿ ಬೆಕ್ಕಿಗಿರೋ ಥರ ಮೆತ್ತೆ ಇಲ್ಲ, ಬರೀ ಕೂದಲು, ಯಾವಾಗ್ಲೂ ತಂತಿ ಮೇಲೆ ಕೂತ್ರೆ ಹುಣ್ಣಾಗತ್ತೆ. ನಾವು ಹತ್ತಿ ಜಮಖಾನ ಹಾಸಿ ಒಂದು ಮೂಲೆಲಿ ಹುಲ್ಲಿನ ಟ್ರೇ ಇಟ್ಟಿದೀವಿ.

5ಕ್ಕೆ 4 ಸ್ಟಾರ್, ಒಂದು ಕಟ್ ಮಾಡಿದ್ದು ಕನೆಕ್ಟರ್‌ಗೆ.