ಅಲಾಡಿನ್ ಲೈಟ್: ರೇಡಿಯೋ ಚುಕ್ಕೆಗಳಿಗಾಗಿ ಒಮ್ಮೆ ತೆರೆದು ನೋಡಿ

ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ಖಗೋಳ ಮಾಹಿತಿ ಕೇಂದ್ರದವರು ಕೊಡುವ ಅಲಾಡಿನ್ ಲೈಟ್ ಅನ್ನು ಗೌರಿಬಿದನೂರಿನ ನಮ್ಮ ಹೈಸ್ಕೂಲ್ ಮಕ್ಕಳಿಗೆ ತೋರಿಸುತ್ತಿರುತ್ತೇನೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ. ಬ್ರೌಸರ್‌ನಲ್ಲಿ ಗೆಲಾಕ್ಸಿಯ ಹೆಸರು ಹೊಡೆದರೆ ಸಾಕು, ಆಕಾಶದ ಆ ಜಾಗ ಎದುರಿಗೆ ಬರುತ್ತದೆ. ಬಣ್ಣದ ಚಿತ್ರಗಳು ಎಲ್ಲಾದರೂ ಸಿಗುತ್ತವೆ. ನನಗೆ ಬೇಕಾಗಿದ್ದು ಇದರ ರೇಡಿಯೋ ನಕ್ಷೆಗಳು, ಅಂದರೆ ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿದು ಮಾಡಿದ ಚಿತ್ರಗಳು.

ಎಂ81, ಎಂ82ರಿಂದ ಶುರು ಮಾಡಿ. ಎರಡೂ ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದ ಅಕ್ಕಪಕ್ಕದ ಗೆಲಾಕ್ಸಿಗಳು. ಮಾಮೂಲಿ ಬೆಳಕಿನಲ್ಲಿ ಎಂ81 ದೊಡ್ಡ ಸುರುಳಿ, ಎಂ82 ಸಣ್ಣ ಪಟ್ಟಿ. ಈಗ ಎನ್‌ವಿಎಸ್‌ಎಸ್ ರೇಡಿಯೋ ಪದರ ಹಾಕಿ. ಇದು ಅಮೆರಿಕದ ವಿಎಲ್‌ಎ ರೇಡಿಯೋ ದೂರದರ್ಶಕದಿಂದ 1990ರ ದಶಕದಲ್ಲಿ ಮಾಡಿದ ಆಕಾಶದ ಸರ್ವೇ. ಸಣ್ಣ ಎಂ82 ಧಗಧಗ ಹೊಳೆಯುತ್ತದೆ! ಅಲ್ಲಿ ನಕ್ಷತ್ರಗಳು ಭರದಿಂದ ಹುಟ್ಟಿ ಸಿಡಿಯುತ್ತಿವೆ. ದೊಡ್ಡ ಎಂ81ರಲ್ಲಿ ಎದ್ದು ಕಾಣುವುದು ನಟ್ಟನಡುವಿನ ಒಂದು ಚುಕ್ಕೆ. ಅದು ಸುಮಾರು 7 ಕೋಟಿ ಸೂರ್ಯರಷ್ಟು ತೂಕದ ಕಪ್ಪುರಂಧ್ರದ್ದು.

ಚುಕ್ಕೆಯಾಗಿ ಕಂಡಿದ್ದೆಲ್ಲ ನಿಜಕ್ಕೂ ಪುಟ್ಟದಲ್ಲ. ಎನ್‌ವಿಎಸ್‌ಎಸ್ 45 ಆರ್ಕ್‌ಸೆಕೆಂಡಿಗಿಂತ (ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3600ನೇ ಒಂದು ಪಾಲು) ಚಿಕ್ಕದನ್ನು ಬಿಡಿಸಿ ತೋರಿಸುವುದಿಲ್ಲ. ಅದೇ ವಿಎಲ್‌ಎಯ ಹೊಸ ಸರ್ವೇ ವಿಎಲ್‌ಎಎಸ್‌ಎಸ್ ಸುಮಾರು 2.5ರವರೆಗೂ ಬಿಡಿಸುತ್ತದೆ. ಪದರ ಬದಲಿಸಿದಾಗ ಕೆಲವು ಎರಡು ಉಂಡೆಯಾಗಿ ಒಡೆಯುತ್ತವೆ. ಕೆಲವು ಚುಕ್ಕೆಯಾಗೇ ಉಳಿಯುತ್ತವೆ. ನನ್ನ ಕುತೂಹಲವೆಲ್ಲ ಹಾಗೆ ಉಳಿದವುಗಳ ಮೇಲೆ. ಅವುಗಳಲ್ಲಿ ಕೆಲವು ತೀರಾ ಎಳೆಯವು, ಕಪ್ಪುರಂಧ್ರದ ಬಳಿಯಿಂದ ಚಿಮ್ಮುವ ಧಾರೆ, ಅಂದರೆ ಜೆಟ್, ಹೊರಟು ಬರೀ ಸಾವಿರಾರು ವರ್ಷ ಆದವು. ಇಂಥವು ಬಹಳ ಸಿಗುತ್ತವೆ, ಆದರೆ ಲಕ್ಷಗಟ್ಟಲೆ ಜ್ಯೋತಿರ್ವರ್ಷ ಚಾಚಿಕೊಂಡ ದೊಡ್ಡವು ಆ ಲೆಕ್ಕಕ್ಕೆ ಕಡಿಮೆ. ಹಾಗಾಗಿ ಎಷ್ಟೋ ಎಳವೆಯಲ್ಲೇ ಆರಿಹೋಗುತ್ತಿರಬೇಕು ಅಂತ ವಿಜ್ಞಾನಿಗಳ ಅಂದಾಜು. ಎಫ್‌ಆರ್0 ಅನ್ನುವ ಗುಂಪಿನವು ಬೆಳೆಯುವಂತೆಯೇ ಕಾಣುವುದಿಲ್ಲ. ಇನ್ನು ಕೆಲವು 1990ರ ದಶಕದ ಸರ್ವೇಯಲ್ಲಿ ಇರಲೇ ಇಲ್ಲ, 2017ರಲ್ಲಿ ಶುರುವಾದ ವಿಎಲ್‌ಎಎಸ್‌ಎಸ್‌ನಲ್ಲಿ ಹೊಳೆಯುತ್ತಿವೆ. ನಮ್ಮ ಜೀವಮಾನದಲ್ಲೇ ಹೊತ್ತಿಕೊಂಡವು, ಅಲ್ವಾ!

"ನಮ್ಮೂರ ಆಂಟೆನಾದಲ್ಲಿ ಇವು ಕಾಣ್ತವಾ ಸಾರ್?" ಅಂತ ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಗೌರಿಬಿದನೂರಿನ ರೇಡಿಯೋ ದೂರದರ್ಶಕದ ಟಿ ಆಕಾರದ ಆಂಟೆನಾ ಸಾಲು 34.5 ಮೆಗಾಹರ್ಟ್ಸ್‌ಗೆ ಕಟ್ಟಿದ್ದು. ಅಲೆಯ ಉದ್ದ ಸುಮಾರು 8.7 ಮೀಟರ್, ಸಾಲಿನ ಉದ್ದ 1.4 ಕಿಲೋಮೀಟರ್. ಅಲೆ ಉದ್ದವಾದಷ್ಟೂ, ಸಾಲು ಗಿಡ್ಡವಾದಷ್ಟೂ ಚಿತ್ರ ಮಸುಕು. ಹಾಗಾಗಿ ಇದರಲ್ಲಿ ಹುಣ್ಣಿಮೆ ಚಂದ್ರನಷ್ಟು ಅಗಲದ ಜಾಗ ಒಂದೇ ಮಚ್ಚೆಯಾಗುತ್ತದೆ. ಇಡೀ ಆಕಾಶದ ನಕ್ಷೆಗೆ ಅದು ಸರಿ, ಸಣ್ಣ ಚುಕ್ಕೆಗಲ್ಲ. ವಿಎಲ್‌ಎಎಸ್‌ಎಸ್ ಹಿಡಿಯುವುದು 10 ಸೆಂಟಿಮೀಟರ್ ಅಲೆ, ವಿಎಲ್‌ಎಯ 27 ಡಿಶ್‌ಗಳು ಕಿಲೋಮೀಟರ್‌ಗಟ್ಟಲೆ ಹರಡಿವೆ.

ಸರ್ವೇಗಳ ಹೆಸರು ಮೊದಲೇ ಬರೆದಿಟ್ಟುಕೊಳ್ಳಿ, ಪದರಗಳ ಪಟ್ಟಿ ಬಹಳ ಉದ್ದ ಇದೆ. ಮೇಲಿನ ಪದರವನ್ನು ಅರ್ಧ ಪಾರದರ್ಶಕ ಮಾಡಿದರೆ ಚುಕ್ಕೆ ಗೆಲಾಕ್ಸಿಯ ಎಲ್ಲಿ ಕೂತಿದೆ ಅಂತ ಸ್ಪಷ್ಟವಾಗುತ್ತದೆ.