ಮೀನಿನ ಉಳಿಕೆ: ತೆಂಗಿನ ಬುಡವೇ, ಬೆಲ್ಲದ ಡ್ರಮ್ಮೇ?

ಮಾರುಕಟ್ಟೆಯಲ್ಲೇ ಶುಚಿ ಮಾಡಿಸಿ ತಂದರೆ ಮನೆಯಲ್ಲಿ ಗಲೀಜಿಲ್ಲ. ಆದರೆ ಮಂಗಳೂರಿನ ಮೀನುಗಾರಿಕಾ ಬಂದರಾದ ದಕ್ಕೆಯಿಂದ ಇಡೀ ಬಂಗುಡೆ, ಬೂತಾಯಿ ತಂದು ಹಿತ್ತಲಿನಲ್ಲೇ ಕೊಯ್ಯುವ ನಮ್ಮಂಥವರಿಗೆ ತಲೆ, ಕಿವಿರು, ಕರುಳುಗಳನ್ನು ಎಲ್ಲಿ ಹಾಕುವುದೆಂಬುದೇ ದೊಡ್ಡ ಪ್ರಶ್ನೆ. ಹಸಿಕಸದ ಬುಟ್ಟಿಗೆ ಹಾಕಿದರೆ ಗಾಡಿ ಬರುವಷ್ಟರಲ್ಲಿ ನಾರುತ್ತದೆ. ಅದಕ್ಕಿಂತ ಮುಖ್ಯವಾಗಿ, 2019ರ ಮಳೆಗಾಲದಲ್ಲಿ ನಗರದ ಕಸ ಸುರಿಯುವ ಪಚ್ಚನಾಡಿಯ ರಾಶಿ ಜಾರಿ ಪಕ್ಕದ ಮಂದಾರದ ಮನೆ, ತೋಟಗಳನ್ನು ಆವರಿಸಿದ ಮೇಲೆ, ಮಣ್ಣಿಗೆ ಸೇರಬಲ್ಲ ವಸ್ತುವನ್ನು ಅಲ್ಲಿಗೆ ಕಳುಹಿಸಲು ನನಗೆ ಮನಸ್ಸಾಗುವುದಿಲ್ಲ. ಆದ್ದರಿಂದ ಉಳಿದ ಎರಡು ವಿಧಾನಗಳನ್ನು, ಅಂದರೆ ತೆಂಗಿನ ಬುಡದಲ್ಲಿ ಹೂಳುವುದನ್ನೂ ಡ್ರಮ್ಮಿನಲ್ಲಿ ಬೆಲ್ಲದೊಂದಿಗೆ ಹುದುಗಿಸಿ ಗಿಡಗಳಿಗೆ ಗೊಬ್ಬರದ ರಸ ಮಾಡುವುದನ್ನೂ, ನಾನೇ ಮಾಡಿ ನೋಡಿದೆ.

ತೆಂಗಿನ ಬುಡದಲ್ಲಿ ಹೂಳುವುದಕ್ಕೆ ಖರ್ಚಿಲ್ಲ. ಆದರೆ ಒಂದೂವರೆ ಅಡಿಯಾದರೂ ಆಳವಿರದಿದ್ದರೆ ನಾಯಿ, ಮುಂಗುಸಿಗಳು ಬಗೆದು ಅಂಗಳಕ್ಕೆ ಎಳೆದು ತರುತ್ತವೆ, ಮತ್ತು ನಮ್ಮ ಮುರಕಲ್ಲಿನ (ತೂತುತೂತಾದ ಕೆಂಪು ಜಂಬಿಟ್ಟಿಗೆಯ) ನೆಲದಲ್ಲಿ ಅಷ್ಟು ತೋಡಲು ಹಾರೆಯೇ ಬೇಕು. ಮಳೆಗಾಲದಲ್ಲಂತೂ ಇದು ಸಲ್ಲದು. ಆಗ ನೆಲದೊಳಗಿನ ನೀರು ಮೇಲೇರಿರುವುದರಿಂದ ಮುರಕಲ್ಲಿನ ತೂತುಗಳ ಮೂಲಕ ಕೊಳೆತದ್ದರ ರಸ ಬಾವಿಗೆ ಇಳಿಯುವ ಅಪಾಯವಿದೆ. ಬಾವಿ ಹತ್ತಿರವಿದ್ದರೆ ಬೇಸಿಗೆಯಲ್ಲೂ ಹೂಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಬೆಲ್ಲದ ವಿಧಾನಕ್ಕೆ ತಾಳ್ಮೆ ಬೇಕು, ಫಲವೂ ಹೆಚ್ಚು. ಉಳಿಕೆಯನ್ನು ಚಿಕ್ಕದಾಗಿ ಕೊಚ್ಚಿ, ಅಷ್ಟೇ ತೂಕದ ಬೆಲ್ಲದ ಪುಡಿಯೊಂದಿಗೆ ಕಲಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಕ್ಕಾಲು ಭಾಗ ಮಾತ್ರ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ ನೆರಳಿನಲ್ಲಿಡಬೇಕು. ನೀರು ಸೇರಿಸಬಾರದು, ಬೆಲ್ಲವೇ ಮೀನಿನೊಳಗಿನ ನೀರನ್ನು ಹೊರಗೆಳೆದು, ಕೊಳೆಸುವ ಜೀವಾಣುಗಳನ್ನು ತಡೆಯುತ್ತದೆ. ಬೆಲ್ಲ ಕಡಿಮೆಯಾದರೆ ಹುಳ ಬೀಳುತ್ತದೆ. ಮೊದಮೊದಲು ಹಸಿ ಮೀನಿನ ವಾಸನೆ ಬರುತ್ತದೆ, ನೊರೆ ಏಳುತ್ತದೆ. ಸುಮಾರು ಒಂದು ತಿಂಗಳಲ್ಲಿ ಮುಳ್ಳುಗಳು ಬಿಡಿಯಾಗಿ ತಳಕ್ಕಿಳಿದು, ಮೇಲೆ ಕಾಕಂಬಿಯಂಥ ಕಂದು ರಸ ನಿಲ್ಲುತ್ತದೆ, ವಾಸನೆಯೂ ಸಿಹಿಹುಳಿಗೆ ತಿರುಗುತ್ತದೆ. ಸೋಸಿದ ಈ ರಸವನ್ನು ಲೀಟರ್ ನೀರಿಗೆ 5 ಮಿ.ಲೀ. ಮೀರದಂತೆ ಬೆರೆಸಿ ಬಸಳೆಯ ಬುಡಕ್ಕೆ ಎರೆದರೆ ಎಲೆ ದಪ್ಪವಾಗಿ, ಕಡುಹಸಿರಾಗಿ ಬರುತ್ತದೆ. ಮೀನು ತೊಳೆದ ನೀರನ್ನು ಗಿಡಗಳಿಗೆ ಚೆಲ್ಲುವ ನಮ್ಮ ಅಜ್ಜಿಯಂದಿರ ರೂಢಿಗಿಂತ ಇದರ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ.

ಬೆಲ್ಲದ ಬೆಲೆಯೊಂದೇ ಇದರ ಕೊರತೆ; ಅಡುಗೆಗೆ ಬಾರದ, ನೀರೊಡೆದ ಬೆಲ್ಲ ಅಂಗಡಿಯಲ್ಲಿ ಸಿಕ್ಕರೆ ಅದೂ ಹಗುರವಾಗುತ್ತದೆ. ಬಾವಿಯಿರುವ ಮನೆಗಳಿಗೆ, ಅಂಗಳ ಚಿಕ್ಕದಾದವರಿಗೆ ನಾನು ಡ್ರಮ್ಮನ್ನೇ ಹೇಳುತ್ತೇನೆ. ಸಿಗಡಿ, ಏಡಿಗಳ ಚಿಪ್ಪು ಮಾತ್ರ ಬೆಲ್ಲದಲ್ಲಿ ಕರಗದೆ ಹಾಗೆಯೇ ಉಳಿಯುವುದರಿಂದ ಅವನ್ನು ಚೆನ್ನಾಗಿ ತೊಳೆದು, ಒಣಗಿಸಿ, ಜಜ್ಜಿ, ಬಾವಿಯಿಂದ ದೂರದ ತೆಂಗಿನ ಬುಡಕ್ಕೆ ಹಾಕುತ್ತಿದ್ದೇನೆ.