ವಿಜಿಎ, ವೈರ್‌ಲೆಸ್, ಎಚ್‌ಡಿಎಂಐ: ಅಪ್ಪನ ಯಕ್ಷಗಾನಕ್ಕೆ ಯಾವುದು?

ಲ್ಯಾಪ್‌ಟಾಪಲ್ಲಿರುವ ಯಕ್ಷಗಾನವನ್ನು ಟಿವಿಯಲ್ಲಿ ತೋರಿಸಲು ಯಾವ ದಾರಿ ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಚ್‌ಡಿಎಂಐ ವೈರಿಗೆ. ಶಿವಮೊಗ್ಗದ ನೆಹರು ರಸ್ತೆಯಲ್ಲಿ 350 ರೂಪಾಯಿ ಕೊಟ್ಟು ತಂದ 3 ಮೀಟರ್ ವೈರು. ಅದನ್ನು ತರುವ ಮೊದಲು ಅದರ ಹತ್ತು ಪಟ್ಟು ದುಡ್ಡು ಬೇರೆ ಬೇರೆ ಕಡೆ ಸುರಿದಿದ್ದೆ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಇರುವುದಿಲ್ಲ. ಆರಿದ್ರಾ ಮಳೆ ಹಿಡಿದುಕೊಂಡರೆ ಅಪ್ಪನಿಗೆ ಸಂಜೆ ಕಳೆಯುವುದೇ ಕಷ್ಟ. ಮೊಬೈಲಲ್ಲಿ ಯಕ್ಷಗಾನದ ಆಟ ನೋಡೋಣ ಅಂದರೆ ಸಿಗ್ನಲ್ ಸಿಗುವುದು ಜಗಲಿಯ ಒಂದೇ ಮೂಲೆಯಲ್ಲಿ, ಅದೂ ಮಳೆ ಬಿಟ್ಟಾಗ. ಹಾಗಾಗಿ ನಾನು ಶಿವಮೊಗ್ಗದ ರೂಮಲ್ಲಿ ಪ್ರಸಂಗಗಳನ್ನು ಡೌನ್‌ಲೋಡ್ ಮಾಡಿ, ಲ್ಯಾಪ್‌ಟಾಪಲ್ಲಿ ತುಂಬಿಕೊಂಡು ಶನಿವಾರ ಊರಿಗೆ ಹೋಗುತ್ತೇನೆ.

ಪೆನ್‌ಡ್ರೈವ್ ಚುಚ್ಚಿದರೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಟಿವಿ ಹಳೆಯದು, ಫ್ಯಾಟ್ 32 ಅನ್ನುವ ಹಳೇ ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಮಾತ್ರ ಓದುತ್ತದೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಕೂರುವುದಿಲ್ಲ. ರಾತ್ರಿಯಿಡೀ ನಡೆಯುವ ಆಟ 4 ಜಿಬಿಯಲ್ಲಿ ಎಲ್ಲಿ ಮುಗಿಯುತ್ತದೆ?

ಮೊದಲು ಹಿಡಿದದ್ದು ವಿಜಿಎ. ಕಾರಣ ಇಷ್ಟೇ, ಪುಕ್ಕಟೆ ಸಿಕ್ಕಿತು. ಭಾವನ ಆಫೀಸಲ್ಲಿ ಹಳೇ ಮಾನಿಟರ್ ತೆಗೆದಾಗ ಉಳಿದ ನೀಲಿ ತುದಿಯ ವೈರು. 1987ರಲ್ಲಿ ಐಬಿಎಂ ತಂದ ಪದ್ಧತಿ ಅದು, ಚಿತ್ರ ಮಾತ್ರ ಸಾಗಿಸುತ್ತದೆ. ಧ್ವನಿಗೆ ಬೇರೆ ವೈರು ಬೇಕು. ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿನಿಂದ ಟಿವಿ ಹಿಂದಿನ ಪಿಸಿ ಆಡಿಯೋ ತೂತಿಗೆ ಎಳೆದೆ. ಚಿತ್ರ ಬಂತು, ಪರವಾಗಿಲ್ಲ ಅನ್ನುವ ಹಾಗಿತ್ತು. ಧ್ವನಿಯೂ ಬಂತು. ಜೊತೆಗೆ ಗುಂಯ್ ಅನ್ನುವ ಇನ್ನೊಂದು ಸದ್ದೂ ಬಂತು.

ಈ ಗುಂಯ್ ನನ್ನ ಎರಡು ತಿಂಗಳು ತಿಂದಿತು. ಚೆಂಡೆ ಬಾರಿಸುವಾಗ ಗೊತ್ತಾಗುವುದಿಲ್ಲ. ಭಾಗವತರು ಆಲಾಪ ಎಳೆದು ನಿಲ್ಲಿಸುತ್ತಾರಲ್ಲ, ಆ ಮೌನದಲ್ಲಿ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಕೇಳುತ್ತದೆ. "ಇದೇನು, ಶ್ರುತಿಪೆಟ್ಟಿಗೆ ಕೆಟ್ಟಿದೆಯಾ?" ಅಂದರು ಅಪ್ಪ. ವೈರು ಬದಲಾಯಿಸಿದೆ. ಇನ್ನೂ ದಪ್ಪದ ವೈರು ತಂದೆ. ಟಿವಿ ಸೌಂಡ್ ಕಮ್ಮಿ ಮಾಡಿ ಲ್ಯಾಪ್‌ಟಾಪಿನದು ಜಾಸ್ತಿ ಮಾಡಿದೆ. ಸ್ವಲ್ಪ ತಗ್ಗಿತು, ಹೋಗಲಿಲ್ಲ.

ಒಂದು ದಿನ ಚಾರ್ಜರ್ ಪಿನ್ ಅಕಸ್ಮಾತ್ತಾಗಿ ಕಳಚಿಕೊಂಡಿತು. ಗುಂಯ್ ಮಾಯ! ಚುಚ್ಚಿದೆ, ಬಂತು. ಡಿಶ್‌ನ ಕೇಬಲ್ ಕಿತ್ತು ನೋಡಿದೆ, ಆಗಲೂ ಹೋಯಿತು. ಆಗ ಅರ್ಥವಾಯಿತು. ಲ್ಯಾಪ್‌ಟಾಪಿಗೆ ಚಾರ್ಜರ್ ಕಡೆಯಿಂದ ಒಂದು ಅರ್ಥಿಂಗ್, ಟಿವಿಗೆ ಡಿಶ್ ಕೇಬಲ್ಲಿನಿಂದ ಇನ್ನೊಂದು. ಎರಡನ್ನೂ ನನ್ನ ಆಡಿಯೋ ವೈರು ಸೇರಿಸಿ ಸುತ್ತು ಕಟ್ಟಿತ್ತು. ಎರಡು ಕಡೆಯ ವೋಲ್ಟೇಜಲ್ಲಿ ಚೂರು ವ್ಯತ್ಯಾಸ ಇದ್ದರೂ ಸಾಕು, ಲೈನಿನ 50 ಹರ್ಟ್ಸ್ ಕರೆಂಟಿನ ಸದ್ದು ಆ ವೈರಲ್ಲಿ ಹರಿದು ಸ್ಪೀಕರಿಗೆ ಬರುತ್ತದೆ. ನಮ್ಮದು ಅಜ್ಜನ ಕಾಲದ ವೈರಿಂಗ್. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯುವುದನ್ನು ಯಾರೂ ನೆನಪಿಡುವುದಿಲ್ಲ.

ಚಾರ್ಜರ್ ತೆಗೆದು ನೋಡೋಣ ಅಂದರೆ ಬ್ಯಾಟರಿ 40 ನಿಮಿಷ. ಅಷ್ಟರಲ್ಲಿ ಪಾತ್ರಗಳು ಮೊದಲು ರಂಗಕ್ಕೆ ಬರುವ ಒಡ್ಡೋಲಗವೂ ಮುಗಿಯುವುದಿಲ್ಲ. ಅಂಗಡಿಯವರು 400 ರೂಪಾಯಿಗೆ ಒಂದು ಪುಟ್ಟ ಡಬ್ಬಿ ಕೊಟ್ಟರು, ಆಡಿಯೋ ವೈರಿನ ನಡುವೆ ಹಾಕುವುದು. ಒಳಗೆ ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಆ ಸುತ್ತನ್ನು ಕಡಿಯುತ್ತದೆ. ಗುಂಯ್ ನಿಜವಾಗಿಯೂ ನಿಂತಿತು. ಆದರೆ ಮದ್ದಳೆಯ ದಪ್ಪ ಸದ್ದೂ ಅದರ ಜೊತೆ ಹೋಯಿತು. ಮದ್ದಳೆ ಡಾಲ್ಡಾ ಡಬ್ಬ ಬಡಿದ ಹಾಗೆ ಕೇಳತೊಡಗಿತು. ಅಪ್ಪ ಎದ್ದು ಹೋಗಿ ಮಲಗಿದರು.

ಆಮೇಲೆ ವೈರ್‌ಲೆಸ್. ಟಿವಿಗೆ ಚುಚ್ಚುವ ಕಡ್ಡಿ, 2,200 ರೂಪಾಯಿ. ವಿಂಡೋಸಲ್ಲಿ ವಿಂಡೋಸ್ ಕೀ ಜೊತೆ ಕೆ ಒತ್ತಿದರೆ ಟಿವಿ ಹೆಸರು ಕಾಣುತ್ತದೆ. ಇದಕ್ಕೆ ಇಂಟರ್‌ನೆಟ್ ಬೇಕು ಅಂತ ಸುಮ್ನೆ ಹೆದರುತ್ತಾರೆ. ಮಿರಾಕಾಸ್ಟ್ ಅನ್ನುವ ಪದ್ಧತಿಯ ಕಡ್ಡಿ ಆದರೆ ಬೇಡ, ಲ್ಯಾಪ್‌ಟಾಪೂ ಕಡ್ಡಿಯೂ ನೇರವಾಗಿ ಮಾತಾಡಿಕೊಳ್ಳುತ್ತವೆ. ಗುಂಯ್ ಇಲ್ಲ. ಫೋಟೋ ತೋರಿಸಲು ಬಹಳ ಚೆನ್ನ. ಆದರೆ ಯುದ್ಧದ ಕುಣಿತ ಬಂದಾಗ ಚಿತ್ರ ತಡವರಿಸುತ್ತದೆ. ಅದನ್ನಾದರೂ ಸಹಿಸಬಹುದಿತ್ತು. ನಮ್ಮಲ್ಲಿ ಮಳೆಗಾಲದಲ್ಲಿ ಒಂದು ಸಂಜೆಗೆ ನಾಲ್ಕು ಸಲ ಕರೆಂಟ್ ಹೋಗುತ್ತದೆ. ಪ್ರತಿ ಸಲವೂ ಮತ್ತೆ ಜೋಡಿಸಬೇಕು. ನಾನು ಊರಲ್ಲಿಲ್ಲದ ದಿನ ಇದನ್ನೆಲ್ಲ ಮಾಡುವವರು ಯಾರು?

ನಡುವೆ ಒಂದು ದಂಡದ ಖರ್ಚು. ತಂಗಿಯ ತೆಳ್ಳನೆಯ ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ತೂತೇ ಇಲ್ಲ. ಟೈಪ್ ಸಿ ಅಡಾಪ್ಟರ್ 900 ರೂಪಾಯಿಗೆ ತಂದೆ, ಚಿತ್ರವೇ ಬರಲಿಲ್ಲ. ಎಲ್ಲ ಟೈಪ್ ಸಿ ತೂತುಗಳೂ ವಿಡಿಯೋ ಕಳಿಸುವುದಿಲ್ಲ, ಕೆಲವು ಚಾರ್ಜಿಗೆ ಮತ್ತು ಫೈಲಿಗೆ ಮಾತ್ರ. ಕೊಳ್ಳುವ ಮೊದಲು ಲ್ಯಾಪ್‌ಟಾಪಿನ ವಿವರದಲ್ಲಿ ಡಿಸ್‌ಪ್ಲೇಪೋರ್ಟ್ ಅಂತ ಇದೆಯಾ ನೋಡಿ.

ಕೊನೆಗೆ ಎಚ್‌ಡಿಎಂಐ. ಚಿತ್ರ, ಧ್ವನಿ ಎರಡೂ ಒಂದೇ ವೈರಲ್ಲಿ. ಧ್ವನಿ ಅಂಕಿಗಳಾಗಿ ಹೋಗುವುದರಿಂದ ಆ ಗುಂಯ್ ಅದರ ಮೇಲೆ ಹತ್ತಿಕೊಳ್ಳುವುದಿಲ್ಲ. ಮೊದಲ ದಿನ ಟಿವಿಯಲ್ಲಿ ಚಿತ್ರ, ಲ್ಯಾಪ್‌ಟಾಪಲ್ಲೇ ಧ್ವನಿ ಅಂತಾಯಿತು. ಗಾಬರಿ ಬೇಡ, ಕೆಳಗಿನ ಸ್ಪೀಕರ್ ಗುರುತು ಒತ್ತಿ ಟಿವಿಯ ಹೆಸರು ಆರಿಸಿದರೆ ಆಯಿತು. ಚಿತ್ರದ ಅಂಚು ಕತ್ತರಿಸಿದ ಹಾಗಿದ್ದರೆ ಟಿವಿಯ ಮೆನುವಿನಲ್ಲಿ ಜಸ್ಟ್ ಸ್ಕ್ಯಾನ್ ಅಥವಾ ಅಂಥದ್ದೇ ಹೆಸರಿನ ಆಯ್ಕೆ ಹುಡುಕಿ. ಚಿನ್ನದ ಲೇಪ ಇದೆ ಅಂತ 1,500 ರೂಪಾಯಿಯ ವೈರು ತೋರಿಸಿದರು, ಬೇಡ ಅಂದೆ. 3 ಮೀಟರಿಗೆ ಅದರ ಅಗತ್ಯವಿಲ್ಲ. ಕರೆಂಟ್ ಹೋಗಿ ಬಂದರೂ ಅಪ್ಪ ಟಿವಿ ಗುಂಡಿ ಒತ್ತಿದರೆ ಸಾಕು.

ವೈರ್‌ಲೆಸ್ ಗೆಲ್ಲುವುದು ಒಂದೇ ಕಡೆ, ಗುಡುಗಿನ ದಿನ. ಏಪ್ರಿಲ್, ಮೇ ತಿಂಗಳ ಸಂಜೆ ಸಿಡಿಲು ಶುರುವಾದರೆ ನಮ್ಮ ಕಡೆ ಮೊದಲ ಕೆಲಸ ಪ್ಲಗ್ಗು, ಡಿಶ್ ಕೇಬಲ್ ಕೀಳುವುದು. ಎಚ್‌ಡಿಎಂಐ ಹಾಕಿಟ್ಟರೆ ಟಿವಿಗೆ ಬಡಿದದ್ದು ಲ್ಯಾಪ್‌ಟಾಪಿಗೂ ದಾಟಬಹುದು. ಅದಕ್ಕೇ ಗೋಡೆಯ ಮೊಳೆಗೆ ಆ ವೈರು ಸುತ್ತಿ ನೇತುಹಾಕಿದ್ದೇವೆ. ಮೋಡ ಕಪ್ಪಾದರೆ ಅಮ್ಮ ಒಳಗಿನಿಂದಲೇ ಕೂಗುತ್ತಾರೆ, "ಆ ಕರೇ ವೈರು ತೆಗ್ದ್ಯಾ?"